‘ಇದ್ದಲ್ಲಿಯೇ, ಇದ್ದಂತೆಯೇ’: ವೆನಿಸ್‌ನ ಸಂತ ಮಾರ್ಕನ ಗಂಟೆಗೋಪುರದ ಚರಿತ್ರೆ, ವಾಸ್ತು ಮತ್ತು ಮರುನಿರ್ಮಾಣ

ಇಟಲಿಯ ವೆನಿಸ್ ನಗರದ ಸಂತ ಮಾರ್ಕನ ಚೌಕದಲ್ಲಿ ನಿಂತಿರುವ ಗಂಟೆಗೋಪುರವು ಯುರೋಪಿನ ಅತ್ಯಂತ ಪರಿಚಿತ ಕಟ್ಟಡಗಳಲ್ಲಿ ಒಂದು. ಸುಮಾರು 98.6 ಮೀಟರ್ ಎತ್ತರದ ಈ ಇಟ್ಟಿಗೆಯ ಗೋಪುರಕ್ಕೆ ಸಾವಿರ ವರ್ಷಗಳ ಚರಿತ್ರೆಯಿದೆ ಎಂದು ಹೇಳಲಾಗುತ್ತದೆ. ಅದೇ ಸಂದರ್ಭದಲ್ಲಿ, ಇಂದು ಕಾಣುವ ಗೋಪುರವು ಪೂರ್ಣಗೊಂಡದ್ದು 1912ರಲ್ಲಿ ಎಂಬುದೂ ನಿರ್ವಿವಾದವಾದ ಸಂಗತಿ. ಇವೆರಡು ಹೇಳಿಕೆಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುತ್ತವೆಯಾದರೂ ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯವಾಗಿವೆ. ಅದು ಹೇಗೆ ಎಂಬುದನ್ನು ಗೋಪುರದ ಚರಿತ್ರೆ ಹಾಗೂ ವಾಸ್ತುವಿನ ವಿವರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕನ್ನಡದ ವಿದ್ವಾಂಸರಿಗೆ ವೆನಿಸ್ ತೀರ ಅಪರಿಚಿತವಾದ ಹೆಸರಲ್ಲ. ವಿಜಯನಗರವನ್ನು ಹದಿನೈದನೆಯ ಶತಮಾನದ ಆರಂಭದಲ್ಲಿ ಕಂಡು ಅದರ ಬಗೆಗೆ ವಿವರಗಳನ್ನು ಒದಗಿಸಿದ ನಿಕೊಲೊ ಕೊಂತಿಯು ವೆನಿಸ್ ಗಣರಾಜ್ಯಕ್ಕೆ ಸೇರಿದ ಕಿಯೋಜಾ ಪಟ್ಟಣದವನು. ಆದರೆ ಆ ನಗರದ ಗಂಟೆಗೋಪುರವನ್ನು ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿರುವುದಕ್ಕೆ ಕಾರಣ ಈ ಸಂಬಂಧವಷ್ಟೇ ಅಲ್ಲ. ಬಿದ್ದುಹೋದ ಪ್ರಾಚೀನ ಕಟ್ಟಡವೊಂದನ್ನು ಮತ್ತೆ ಕಟ್ಟಬಹುದೇ, ಕಟ್ಟಿದರೆ ಅದು ಹಳೆಯದೋ ಹೊಸದೋ ಎಂಬ ಪ್ರಶ್ನೆಯನ್ನು ಈ ಗೋಪುರದಷ್ಟು ಸ್ಪಷ್ಟವಾಗಿ ಮುಂದಿಡುವ ನಿದರ್ಶನಗಳು ವಿರಳ. ಶಾಸನಗಳಲ್ಲಿ ‘ಜೀರ್ಣೋದ್ಧಾರ’ವೆಂಬ ಪದವನ್ನು ಹೆಜ್ಜೆಹೆಜ್ಜೆಗೂ ಎದುರುಗೊಳ್ಳುವ ಕನ್ನಡ ಸಂಶೋಧಕರಿಗೆ ಈ ಪ್ರಶ್ನೆ ನಿಕಟವಾದುದು.

1. ಗಂಟೆ ಮತ್ತು ಗೋಪುರ

ಇಟಾಲಿಯನ್ ಭಾಷೆಯಲ್ಲಿ ಗಂಟೆಗೋಪುರಕ್ಕೆ ‘ಕಂಪನೀಲೆ’ ಎಂಬ ಹೆಸರಿದೆ. ಗಂಟೆ ಎಂಬರ್ಥದ ‘ಕಂಪಾನ’ ಎಂಬ ಪದದಿಂದ ಇದು ನಿಷ್ಪನ್ನವಾಗಿದೆ. ತನ್ನ ಊರಿನ ಬಗೆಗಿರುವ ಅತಿಯಾದ ಅಭಿಮಾನವನ್ನು ಇಟಾಲಿಯನ್ನರು ‘ಕಂಪನೀಲಿಸ್ಮೊ’ ಎಂದು ಕರೆಯುತ್ತಾರೆ. ತನ್ನೂರ ಗಂಟೆಗೋಪುರಕ್ಕೆ ತೋರುವ ನಿಷ್ಠೆ ಎಂಬುದೇ ಅದರ ಮೂಲಾರ್ಥ. ಊರೆಂದರೆ ಗಂಟೆಯ ದನಿ ಕೇಳುವಷ್ಟು ದೂರದ ನೆಲ ಎಂಬ ಗ್ರಹಿಕೆ ಈ ಪದದ ಹಿಂದಿದೆ.

ಕನ್ನಡದಲ್ಲಿ ‘ಗಂಟೆ’ ಎಂಬ ಒಂದೇ ಪದವು ನಾದ ಹೊಮ್ಮಿಸುವ ಲೋಹದ ಉಪಕರಣವನ್ನೂ ಕಾಲದ ಒಂದು ಅಳತೆಯನ್ನೂ ಸೂಚಿಸುತ್ತದೆ. ‘ಎಷ್ಟು ಗಂಟೆ?’ ಎಂಬ ದಿನಬಳಕೆಯ ಪ್ರಶ್ನೆಯಲ್ಲಿ, ಕಾಲವನ್ನು ಕಣ್ಣಿನಿಂದ ಕಾಣುವ ಮೊದಲು ಕಿವಿಯಿಂದ ಕೇಳುತ್ತಿದ್ದ ವ್ಯವಸ್ಥೆಯ ನೆನಪು ಉಳಿದುಕೊಂಡಿದೆ ಎನ್ನಬಹುದು. ವೆನಿಸ್‌ನ ಗೋಪುರವನ್ನು ಅರ್ಥಮಾಡಿಕೊಳ್ಳಲು ಈ ಎರಡೂ ಅರ್ಥಗಳು ಅಗತ್ಯ. ಅದು ನೋಡುವುದಕ್ಕಾಗಿ ಮಾತ್ರ ಕಟ್ಟಿದ ಕಟ್ಟಡವಾಗಿರದೆ ಕೇಳುವುದಕ್ಕಾಗಿ ಕಟ್ಟಿದ ಕಟ್ಟಡವೂ ಆಗಿತ್ತು.

ಇಟಲಿಯ ಗಂಟೆಗೋಪುರಗಳ ಒಂದು ಮುಖ್ಯ ಲಕ್ಷಣವೆಂದರೆ ಅವುಗಳಲ್ಲಿ ಅನೇಕವು ಚರ್ಚಿಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ನಿಂತಿರುವುದು. ಫ್ಲಾರೆನ್ಸಿನ ಜೊತ್ತೊ ಗೋಪುರ, ಪೀಸಾದ ವಾಲಿದ ಗೋಪುರಗಳು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಫ್ರಾನ್ಸ್, ಇಂಗ್ಲೆಂಡ್‌ಗಳ ಮಧ್ಯಕಾಲೀನ ಚರ್ಚುಗಳಲ್ಲಿ ಗೋಪುರವು ಸಾಮಾನ್ಯವಾಗಿ ಮುಖ್ಯ ಕಟ್ಟಡದ ಅಂಗವಾಗಿಯೇ ಮೇಲೇಳುತ್ತದೆ. ಸಂತ ಮಾರ್ಕನ ಗೋಪುರವೂ ಬೆಸಿಲಿಕದ ಎದುರು, ಅದರಿಂದ ಬೇರೆಯಾಗಿ ನಿಂತಿದೆ. ಹದಿನಾರನೆಯ ಶತಮಾನದವರೆಗೆ ಅದಕ್ಕೆ ಅಕ್ಕಪಕ್ಕದ ಕಟ್ಟಡಗಳು ತಾಗಿಕೊಂಡಿದ್ದವು. ವಾಸ್ತುಶಿಲ್ಪಿ ಯಾಕೊಪೊ ಸಾನ್ಸೊವಿನೊ ಸಮೀಪದ ಗ್ರಂಥಾಲಯದ ಕಟ್ಟಡವನ್ನು ಹಿಂದಕ್ಕೆ ಸರಿಸಿ ನಿರ್ಮಿಸಿದುದರಿಂದ ಗೋಪುರವು ನಾಲ್ಕೂ ದಿಕ್ಕಿನಿಂದ ಬಿಡುಗಡೆ ಪಡೆಯಿತು.

2. ನಿರ್ಮಾಣದ ಹಂತಗಳು

ಗೋಪುರದ ಆರಂಭವನ್ನು ಹತ್ತನೆಯ ಶತಮಾನದ ಮೊದಲ ಭಾಗಕ್ಕೆ, ಡೋಜ್ ಪಿಯೆತ್ರೊ ತ್ರಿಬೂನೊನ ಆಳ್ವಿಕೆಯ ಕಾಲಕ್ಕೆ ಒಯ್ಯಲಾಗುತ್ತದೆ. ವೆನಿಸ್ ಗಣರಾಜ್ಯದ ಚುನಾಯಿತ ಮುಖ್ಯಸ್ಥನಿಗೆ ಡೋಜ್ ಎಂದು ಹೆಸರು. ಮೊದಲು ಇದು ಕಾವಲುಗೋಪುರವಾಗಿತ್ತು. ಸಮುದ್ರದಿಂದ ಬರುವ ಹಡಗುಗಳಿಗೆ ದಾರಿ ತೋರುವ ಗುರುತಾಗಿಯೂ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಗೋಪುರದ ಎತ್ತರ ಹೆಚ್ಚಿ, ಗಂಟೆಗಳನ್ನು ತೂಗುಹಾಕುವ ಗಂಟೆಮನೆ ಸೇರ್ಪಡೆಯಾಯಿತು. ಹೀಗೆ ರಕ್ಷಣೆಗಾಗಿ ಹುಟ್ಟಿದ ಕಟ್ಟಡವು ಕ್ರಮೇಣ ಗಂಟೆಗೋಪುರವಾಗಿ ರೂಪಾಂತರ ಹೊಂದಿತು.

ಈ ಗೋಪುರದ ದೊಡ್ಡ ಶತ್ರು ಸಿಡಿಲು. ಸುತ್ತಮುತ್ತ ಇದಕ್ಕಿಂತ ಎತ್ತರವಾದ ಯಾವುದೂ ಇಲ್ಲದ ಖಾರಿಯ ಬಯಲಿನಲ್ಲಿ, ತುದಿಯಲ್ಲಿ ಮರದ ಶಿಖರವನ್ನು ಹೊತ್ತ ಕಟ್ಟಡಕ್ಕೆ ಸಿಡಿಲು ಬಡಿಯುವುದು ಅನಿವಾರ್ಯವಾಗಿತ್ತು. 1489ರ ಸಿಡಿಲಿನಿಂದ ಹೊತ್ತಿದ ಬೆಂಕಿಯಲ್ಲಿ ಮರದ ಶಿಖರ ನಾಶವಾಯಿತು. 1511ರ ಮಾರ್ಚ್ 26ರಂದು ಸಂಭವಿಸಿದ ಭೂಕಂಪದಿಂದ ಗೋಪುರ ಮತ್ತಷ್ಟು ಹಾನಿಗೊಳಗಾಯಿತು. ಆ ಬಳಿಕ ಬಾರ್ತೊಲೊಮಿಯೊ ಬೋನ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ 1511ರಿಂದ 1514ರವರೆಗೆ ಮೇಲ್ಭಾಗವನ್ನು ಹೊಸದಾಗಿ ಕಟ್ಟಲಾಯಿತು. 1513ರಲ್ಲಿ ದೇವದೂತ ಗೇಬ್ರಿಯಲ್‌ನ ಚಿನ್ನದ ಲೇಪವುಳ್ಳ ಪ್ರತಿಮೆ ಶಿಖರವನ್ನೇರಿತು. ಇಂದು ‘ಸಂತ ಮಾರ್ಕನ ಗೋಪುರ’ ಎಂದೊಡನೆ ಮನಸ್ಸಿನಲ್ಲಿ ಮೂಡುವ ಆಕೃತಿ ಹೀಗೆ ರೂಪುಗೊಂಡಿತು.

ಇದರ ಅನಂತರವೂ ಸಿಡಿಲಿನ ಹಾವಳಿ ನಿಲ್ಲಲಿಲ್ಲ. 1745ರ ಸಿಡಿಲಿನಿಂದ ಗೋಪುರದ ಗೋಡೆಗಳು ಬಿರುಕುಬಿಟ್ಟು ವ್ಯಾಪಕ ದುರಸ್ತಿ ಬೇಕಾಯಿತು. 1776ರಲ್ಲಿ ಸಿಡಿಲುವಾಹಕವನ್ನು ಅಳವಡಿಸಿದ ಮೇಲಷ್ಟೇ ಈ ಅಪಾಯ ದೂರವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 1902ರಲ್ಲಿ ಬಿದ್ದ ಗೋಪುರವು ಒಂದು ಕಾಲದ, ಒಬ್ಬ ಶಿಲ್ಪಿಯ ಕೃತಿಯಾಗಿರಲಿಲ್ಲ ಎಂಬುದು. ಅದರಲ್ಲಿ ಹತ್ತನೆಯ ಶತಮಾನದ ಬುನಾದಿಯಿತ್ತು, ಹನ್ನೆರಡನೆಯ ಶತಮಾನದ ಗೋಡೆಯಿತ್ತು, ಹದಿನಾರನೆಯ ಶತಮಾನದ ಶಿರೋಭಾಗವಿತ್ತು, ಹದಿನೆಂಟನೆಯ ಶತಮಾನದ ತೇಪೆಯೂ ಇತ್ತು.

3. ವಾಸ್ತುವಿನ ಸ್ವರೂಪ

ಗೋಪುರದ ರಚನೆಯನ್ನು ಕೆಳಗಿನಿಂದ ಮೇಲಕ್ಕೆ ನಾಲ್ಕು ಭಾಗಗಳಾಗಿ ನೋಡಬಹುದು. ಮೊದಲನೆಯದು ಸುಮಾರು 12 ಮೀಟರ್ ಅಗಲದ ಚೌಕಾಕಾರದ ಇಟ್ಟಿಗೆಯ ಕಾಂಡ. ಸುಮಾರು 50 ಮೀಟರ್ ಎತ್ತರಕ್ಕೆ ನೇರವಾಗಿ ಏರುವ ಈ ಭಾಗದಲ್ಲಿ ಶಿಲ್ಪಾಲಂಕಾರಗಳಿಲ್ಲ. ಗೋಡೆಯಿಂದ ತುಸು ಹೊರಚಾಚಿದ ಇಟ್ಟಿಗೆಯ ಲಂಬ ಪಟ್ಟಿಗಳು ಮಾತ್ರ ಬುಡದಿಂದ ತುದಿಯವರೆಗೆ ಸಾಗಿ ಮೇಲೆ ಕಮಾನುಗಳಲ್ಲಿ ಕೂಡಿಕೊಳ್ಳುತ್ತವೆ. ಈ ಪಟ್ಟಿಗಳು ನೋಡುವವನ ದೃಷ್ಟಿಯನ್ನು ಮೇಲಕ್ಕೆ ಸೆಳೆಯುತ್ತವೆ. ಎರಡನೆಯದು ಬಿಳಿಯ ಕಲ್ಲಿನ ಕಮಾನುಗಳಿಂದ ಕೂಡಿದ ಗಂಟೆಮನೆ. ನಾಲ್ಕೂ ಕಡೆಗೆ ತೆರೆದಿರುವುದರಿಂದ ನಾದವು ಎಲ್ಲ ದಿಕ್ಕಿಗೂ ಹರಡಲು ಇದು ಅನುಕೂಲವಾಗಿದೆ.

ಮೂರನೆಯ ಭಾಗವು ಗಂಟೆಮನೆಯ ಮೇಲಿರುವ ಘನಾಕೃತಿಯ ಕಟ್ಟು. ಅದರ ಎರಡು ಮುಖಗಳಲ್ಲಿ ಸಂತ ಮಾರ್ಕನ ಲಾಂಛನವಾದ ರೆಕ್ಕೆಯ ಸಿಂಹವೂ ಉಳಿದೆರಡು ಮುಖಗಳಲ್ಲಿ ನ್ಯಾಯದೇವತೆಯ ರೂಪದಲ್ಲಿ ಕಲ್ಪಿಸಲಾದ ವೆನಿಸ್ ನಗರವೂ ಉಬ್ಬುಶಿಲ್ಪಗಳಲ್ಲಿ ಮೂಡಿವೆ. ನಾಲ್ಕನೆಯದು ಪಿರಮಿಡ್ಡಿನಾಕಾರದ ಹಸಿರುಬಣ್ಣದ ಶಿಖರ. ಅದರ ತುದಿಯಲ್ಲಿರುವ ದೇವದೂತನು ಗಾಳಿಯ ದಿಕ್ಕಿಗೆ ತಕ್ಕಂತೆ ತಿರುಗುತ್ತಾನೆ. ಹಾಯಿಹಡಗುಗಳ ಕಾಲದ ವ್ಯಾಪಾರಿ ನಗರಕ್ಕೆ ಗಾಳಿಯ ದಿಕ್ಕನ್ನು ಸೂಚಿಸುವ ಸಾಧನವು ಎಷ್ಟು ಪ್ರಯೋಜನಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ. ಧಾರ್ಮಿಕ ಸಂಕೇತ ಮತ್ತು ಲೌಕಿಕ ಪ್ರಯೋಜನಗಳು ಒಂದೇ ಪ್ರತಿಮೆಯಲ್ಲಿ ಸಂಗಮಿಸಿರುವುದು ಈ ವಾಸ್ತುವಿನ ವೈಶಿಷ್ಟ್ಯ.

ಒಳಗಿನ ರಚನೆಯೂ ಗಮನಾರ್ಹವಾದುದು. ಗೋಪುರವು ಒಂದರೊಳಗೊಂದು ನಿಂತ ಎರಡು ಗೋಡೆಗಳ ಕೊಳವೆಯಂತಿದೆ. ಹೊರಗೋಡೆ ಮತ್ತು ಒಳಗೋಡೆಗಳ ನಡುವೆ ಮೆಟ್ಟಿಲುಗಳಿಗೆ ಬದಲಾಗಿ ಇಳಿಜಾರು ಹಾದಿ ಸುತ್ತುತ್ತ ಮೇಲೇರುತ್ತದೆ. 1452ರಲ್ಲಿ ವೆನಿಸ್‌ಗೆ ಬಂದಿದ್ದ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಕುದುರೆಯ ಮೇಲೆ ಕುಳಿತೇ ಈ ಹಾದಿಯನ್ನು ಏರಿದನೆಂಬ ಐತಿಹ್ಯವಿದೆ. ಇಂದು ಪ್ರವಾಸಿಗರು ಲಿಫ್ಟಿನ ಮೂಲಕ ಮೇಲೇರುತ್ತಾರೆ.

ಗೋಪುರದ ಬುಡದಲ್ಲಿ, ಬೆಸಿಲಿಕದ ಕಡೆಗೆ ಮುಖಮಾಡಿ, ಲೊಜ್ಜೆತ್ತಾ ಎಂಬ ಕಿರುಮಂಟಪವಿದೆ. ಸಾನ್ಸೊವಿನೊ 1537ರಿಂದ ಕೆಲವು ವರ್ಷಗಳ ಅವಧಿಯಲ್ಲಿ ಅಮೃತಶಿಲೆ ಮತ್ತು ಕಂಚಿನಿಂದ ಇದನ್ನು ನಿರ್ಮಿಸಿದನು. ಇದರ ಗೂಡುಗಳಲ್ಲಿ ಮಿನರ್ವಾ, ಅಪೊಲೊ, ಮರ್ಕ್ಯುರಿ ಮತ್ತು ಶಾಂತಿದೇವತೆಯರ ಕಂಚಿನ ಪ್ರತಿಮೆಗಳಿವೆ. ಮೇಲೆ ನಿರಾಭರಣವಾದ ಇಟ್ಟಿಗೆಯ ಗೋಡೆ, ಕೆಳಗೆ ಆಭರಣದ ಪೆಟ್ಟಿಗೆಯಂಥ ಮಂಟಪ. ಈ ವೈದೃಶ್ಯದಿಂದ ಎರಡರ ಸೊಬಗೂ ಹೆಚ್ಚಿದೆ.

ಇಷ್ಟು ಭಾರದ ಕಟ್ಟಡ ನಿಂತಿರುವುದು ಕೆಸರಿನ ನೆಲದ ಮೇಲೆ. ವೆನಿಸ್‌ನಲ್ಲಿ ಕಟ್ಟಡಗಳ ಅಡಿಪಾಯಕ್ಕೆ ಮರದ ಗೂಟಗಳನ್ನು ಒತ್ತೊತ್ತಾಗಿ ನೆಲಕ್ಕಿಳಿಸಿ, ಅವುಗಳ ಮೇಲೆ ಮರದ ಹಲಗೆಗಳನ್ನು ಹಾಸಿ, ಅನಂತರ ಕಲ್ಲಿನ ವರಸೆಗಳನ್ನು ಕಟ್ಟುವುದು ಸಂಪ್ರದಾಯ. ನೀರು ತುಂಬಿದ ಜೇಡಿಮಣ್ಣಿನಲ್ಲಿ ಗಾಳಿಯ ಸಂಪರ್ಕವಿಲ್ಲದಿರುವುದರಿಂದ ಗೂಟಗಳು ಶತಮಾನಗಳವರೆಗೆ ಸುಸ್ಥಿತಿಯಲ್ಲಿರುತ್ತವೆ. ವೆನಿಸ್‌ನವರೇ ಆದ ಜಾಕೊಮೊ ಬೋನಿ 1885ರಲ್ಲಿ ಗೋಪುರದ ಬುಡವನ್ನು ಅಗೆದು ಅಡಿಪಾಯವನ್ನು ಪರಿಶೀಲಿಸಿದರು. ಅಲ್ಲಿನ ಪ್ರಾಚೀನ ಗೂಟಗಳು ಆಗಲೂ ಗಟ್ಟಿಯಾಗಿದ್ದವು. ರೋಮಿನ ಫೋರಮ್‌ನ ಉತ್ಖನನಗಳಿಂದ ಮುಂದೆ ಪ್ರಸಿದ್ಧರಾದ ಈ ಪುರಾತತ್ತ್ವಜ್ಞರ ಅಂದಿನ ದಾಖಲೆಗಳಿಗೆ ಹದಿನೇಳು ವರ್ಷಗಳ ತರುವಾಯ ಅನಿರೀಕ್ಷಿತವಾದ ಮಹತ್ತ್ವ ಒದಗಿತು.

4. ಗಂಟೆಗಳ ಆಡಳಿತ

ಸಂತ ಮಾರ್ಕನ ಬೆಸಿಲಿಕವು 1807ರವರೆಗೆ ವೆನಿಸ್‌ನ ಧರ್ಮಾಧ್ಯಕ್ಷರ ಪೀಠವಾಗಿರಲಿಲ್ಲ. ಅದು ಡೋಜ್‌ನ ಅರಮನೆಗೆ ಸೇರಿದ ಪ್ರಾರ್ಥನಾಮಂದಿರವಾಗಿತ್ತು. ಆದ್ದರಿಂದ ಅದರ ಗಂಟೆಗೋಪುರವೂ ಚರ್ಚಿನ ಸ್ವತ್ತು ಎಂಬುದಕ್ಕಿಂತ ಹೆಚ್ಚಾಗಿ ಪ್ರಭುತ್ವದ ದನಿಯಾಗಿತ್ತು. ಇಲ್ಲಿನ ಐದು ಗಂಟೆಗಳ ಹೆಸರುಗಳೇ ಇದನ್ನು ಸ್ಪಷ್ಟಪಡಿಸುತ್ತವೆ. ಅತ್ಯಂತ ದೊಡ್ಡ ಗಂಟೆಗೆ ‘ಮರಂಗೋನ’ ಎಂದು ಹೆಸರು. ಬಡಗಿಗಳೆಂಬರ್ಥದ ಪದದಿಂದ ಬಂದಿರುವ ಇದು ಹಡಗುಕಟ್ಟೆಯ ಕುಶಲಕರ್ಮಿಗಳ ದಿನದ ಕೆಲಸದ ಆರಂಭ ಮತ್ತು ಅಂತ್ಯಗಳನ್ನು ಸಾರುತ್ತಿತ್ತು. ‘ನೋನ’ ದಿನದ ಹೊತ್ತನ್ನು ತಿಳಿಸುವ ಗಂಟೆ. ‘ಪ್ರೆಗಾದಿ’ ಸೆನೆಟ್ ಸಭೆಯನ್ನು ಕರೆಯುವ ಗಂಟೆ. ‘ತ್ರೊತ್ತಿಯೆರ’ ಎಂಬುದು ಕುದುರೆಯ ಓಟಕ್ಕೆ ಸಂಬಂಧಿಸಿದ ಹೆಸರು. ಮಹಾಸಭೆಗೆ ಹೊರಟ ಶ್ರೀಮಂತರು ಈ ಗಂಟೆ ಕೇಳಿದೊಡನೆ ತಮ್ಮ ಕುದುರೆಗಳನ್ನು ವೇಗವಾಗಿ ಓಡಿಸಬೇಕಾಗಿತ್ತು. ಎಲ್ಲಕ್ಕಿಂತ ಚಿಕ್ಕದಾದ ‘ಮಲೆಫೀಚಿಯೊ’ ಮರಣದಂಡನೆಯನ್ನು ಸಾರುತ್ತಿತ್ತು.

ಹೀಗೆ ದುಡಿಮೆ, ಹೊತ್ತು, ಆಡಳಿತ, ದಂಡನೆ ಈ ನಾಲ್ಕೂ ಒಂದೇ ಗೋಪುರದಿಂದ ನಿಯಂತ್ರಿತವಾಗುತ್ತಿದ್ದವು. ಓದುಬರಹ ಬಾರದವನೂ ದನಿಯ ಭೇದದಿಂದಲೇ ರಾಜ್ಯದ ಆಗುಹೋಗುಗಳನ್ನು ಅರಿಯಬಹುದಾಗಿತ್ತು. ಗಂಟೆಗಳ ನಾದವನ್ನು ಒಂದು ಬಗೆಯ ಮೌಖಿಕ ಶಾಸನವೆಂದು ಕರೆದರೆ ತಪ್ಪಾಗಲಾರದು.

ಕೇಳುವುದಕ್ಕಾಗಿ ಕಟ್ಟಿದ ಈ ಗೋಪುರವು ನೋಡುವುದಕ್ಕೂ ನೆರವಾದ ಒಂದು ಪ್ರಸಂಗ ವಿಜ್ಞಾನದ ಚರಿತ್ರೆಯಲ್ಲಿ ದಾಖಲಾಗಿದೆ. 1609ರ ಆಗಸ್ಟ್ ತಿಂಗಳಲ್ಲಿ ಗೆಲಿಲಿಯೊ ತಾನು ಸುಧಾರಿಸಿದ ದೂರದರ್ಶಕವನ್ನು ವೆನಿಸ್‌ನ ಅಧಿಕಾರಸ್ಥರಿಗೆ ಇದೇ ಗೋಪುರದ ಮೇಲಿನಿಂದ ತೋರಿಸಿದನು. ಬರಿಗಣ್ಣಿಗೆ ಕಾಣಲು ಇನ್ನೂ ಎರಡು ಗಂಟೆಗಳ ಕಾಲ ಬೇಕಾಗಿದ್ದ ಹಡಗುಗಳು ಅದರಲ್ಲಿ ಕಂಡವು. ನೌಕಾಬಲವನ್ನೇ ನೆಚ್ಚಿದ ಗಣರಾಜ್ಯಕ್ಕೆ ಇದರ ಬೆಲೆ ತಕ್ಷಣವೇ ಅರ್ಥವಾಯಿತು. ಪಾದುವಾ ವಿಶ್ವವಿದ್ಯಾಲಯದಲ್ಲಿ ಗೆಲಿಲಿಯೊನ ಅಧ್ಯಾಪಕ ಹುದ್ದೆಯನ್ನು ಆಜೀವಪರ್ಯಂತಗೊಳಿಸಿ ವೇತನವನ್ನು ಹೆಚ್ಚಿಸಲು ಸೆನೆಟ್ ನಿರ್ಧರಿಸಿತು.

5. 1902ರ ಪತನ

1902ರ ಬೇಸಿಗೆಯಲ್ಲಿ ಲೊಜ್ಜೆತ್ತಾದ ಮಾಡಿನ ದುರಸ್ತಿ ನಡೆಯುತ್ತಿತ್ತು. ಮಾಡು ಗೋಪುರದ ಗೋಡೆಯನ್ನು ಸೇರುವೆಡೆಯಲ್ಲಿ ಇಟ್ಟಿಗೆಗಳನ್ನು ಕೆತ್ತಿ ತೆಗೆದಾಗ ಒಳಗಿನ ಕಟ್ಟಡ ಶಿಥಿಲವಾಗಿರುವುದು ಬೆಳಕಿಗೆ ಬಂತು. ಜುಲೈ ತಿಂಗಳ ಎರಡನೆಯ ವಾರದಲ್ಲಿ ಉತ್ತರದ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡು ದಿನದಿಂದ ದಿನಕ್ಕೆ ಮೇಲಕ್ಕೆ ಬೆಳೆಯತೊಡಗಿತು. ಜುಲೈ 13ರ ಭಾನುವಾರ, ಕಂಪನವನ್ನು ತಪ್ಪಿಸುವ ಉದ್ದೇಶದಿಂದ ಚೌಕದಲ್ಲಿ ನಡೆಯಬೇಕಾಗಿದ್ದ ವಾದ್ಯಗೋಷ್ಠಿಯನ್ನು ರದ್ದುಪಡಿಸಲಾಯಿತು. ಶತಮಾನಗಳ ಕಾಲ ನಗರವನ್ನು ಮಾತನಾಡಿಸಿದ ಗೋಪುರದ ಸುತ್ತ ಕೊನೆಯ ದಿನಗಳಲ್ಲಿ ಸದ್ದೇ ಅಪಾಯವಾಗಿ ಪರಿಣಮಿಸಿತ್ತು.

ಜುಲೈ 14ರ ಸೋಮವಾರ ಬೆಳಗ್ಗೆ 10 ಗಂಟೆಗೆ ಕೆಲವೇ ನಿಮಿಷಗಳು ಉಳಿದಿರುವಾಗ ಗೋಪುರ ಕುಸಿಯಿತು. ಅದು ಮರದಂತೆ ಪಕ್ಕಕ್ಕೆ ವಾಲಿ ಬೀಳದೆ ನಿಂತಲ್ಲಿಯೇ ಕುಸಿದುದರಿಂದ ದೊಡ್ಡ ಅನಾಹುತ ತಪ್ಪಿತು. ಜನರನ್ನು ಮೊದಲೇ ದೂರ ಸರಿಸಿದ್ದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಗೋಪುರಪಾಲಕನ ಬೆಕ್ಕೊಂದು ಸತ್ತಿತೆಂದು ಹೇಳಲಾಗುತ್ತದೆ. ಸಾನ್ಸೊವಿನೊನ ಗ್ರಂಥಾಲಯದ ಒಂದು ಮೂಲೆ ಜಖಂಗೊಂಡಿತು. ಲೊಜ್ಜೆತ್ತಾ ಸಂಪೂರ್ಣವಾಗಿ ಅವಶೇಷಗಳಡಿ ಹೂತುಹೋಯಿತು. ಬೆಸಿಲಿಕಕ್ಕೆ ಗಂಭೀರವಾದ ಹಾನಿಯಾಗಲಿಲ್ಲ. ಐದು ಗಂಟೆಗಳಲ್ಲಿ ಮರಂಗೋನ ಮಾತ್ರ ಒಡೆಯದೆ ಉಳಿಯಿತು.

ಪತನಕ್ಕೆ ಕಾರಣವಾದುದು ಅಡಿಪಾಯವಲ್ಲ ಎಂಬುದು ಮುಖ್ಯ ಸಂಗತಿ. ಶತಮಾನಗಳ ಸಿಡಿಲು, ಬೆಂಕಿ, ಕಂಪನಗಳಿಂದ ಸಡಿಲಗೊಂಡಿದ್ದ ಗೋಡೆಯ ಒಳಭಾಗ, ಅದನ್ನು ಮರೆಮಾಡಿದ್ದ ಹಳೆಯ ದುರಸ್ತಿಗಳು ಹಾಗೂ ಬುಡದಲ್ಲಿ ನಡೆದ ಕೆತ್ತನೆ ಇವೆಲ್ಲ ಕೂಡಿ ಕಟ್ಟಡವನ್ನು ಉರುಳಿಸಿದವು. ಹೊರಗಿನಿಂದ ಭದ್ರವಾಗಿ ಕಾಣುತ್ತಿದ್ದುದು ಒಳಗಿನಿಂದ ಶಿಥಿಲವಾಗಿತ್ತು.

6. ಮರುನಿರ್ಮಾಣ

ಕುಸಿದ ದಿನ ಸಂಜೆಯೇ ನಗರಸಭೆಯು ತುರ್ತುಸಭೆ ಸೇರಿ ಮರುನಿರ್ಮಾಣಕ್ಕಾಗಿ 5,00,000 ಲೀರಾಗಳನ್ನು ಮಂಜೂರು ಮಾಡಿತು. ‘ದೊವ್ ಎರಾ ಎ ಕೊಮ್ ಎರಾ’, ಎಂದರೆ ‘ಇದ್ದಲ್ಲಿಯೇ, ಇದ್ದಂತೆಯೇ’ ಎಂಬುದು ಈ ಕಾರ್ಯದ ಘೋಷವಾಕ್ಯವಾಯಿತು. ಮೇಯರ್ ಫಿಲಿಪ್ಪೊ ಗ್ರಿಮಾನಿಯವರ ಹೆಸರಿನೊಡನೆ ಈ ಮಾತು ಬೆಸೆದುಕೊಂಡಿದೆ. 1903ರ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬದ ದಿನ, ಶಂಕುಸ್ಥಾಪನೆ ನೆರವೇರಿತು. ಒಂಬತ್ತು ವರ್ಷಗಳ ಅನಂತರ, 1912ರ ಏಪ್ರಿಲ್ 25ರಂದು ಹೊಸ ಗೋಪುರ ಉದ್ಘಾಟನೆಗೊಂಡಿತು. ಮೂಲ ಗೋಪುರಕ್ಕೆ ಬುನಾದಿ ಹಾಕಿ ಆ ಹೊತ್ತಿಗೆ ಸಾವಿರ ವರ್ಷಗಳು ತುಂಬಿದವೆಂದು ಭಾವಿಸಲಾಗಿತ್ತು.

‘ಇದ್ದಂತೆಯೇ’ ಎಂಬ ಮಾತು ಹೊರನೋಟಕ್ಕೆ ಅನ್ವಯಿಸುವಷ್ಟು ಒಳರಚನೆಗೆ ಅನ್ವಯಿಸುವುದಿಲ್ಲ. ಹಳೆಯ ಅಡಿಪಾಯದ ಸುತ್ತ 3,076 ಹೊಸ ಗೂಟಗಳನ್ನು ಇಳಿಸಿ, ಅದರ ವಿಸ್ತಾರವನ್ನು 222 ಚದರ ಮೀಟರಿನಿಂದ 410 ಚದರ ಮೀಟರಿಗೆ ಹೆಚ್ಚಿಸಲಾಯಿತು. ಗೋಡೆಗಳಿಗೆ ಸುಮಾರು 12 ಲಕ್ಷ ಹೊಸ ಇಟ್ಟಿಗೆಗಳು ಬಳಕೆಯಾದವು. ಒಳಗಿನ ಹಾದಿ ಹಾಗೂ ಶಿಖರದ ರಚನೆಯಲ್ಲಿ ಆ ಕಾಲಕ್ಕೆ ಹೊಸದಾಗಿದ್ದ ಉಕ್ಕುಬಲಿತ ಕಾಂಕ್ರೀಟು ಸ್ಥಾನ ಪಡೆಯಿತು. ಹೊಸ ಗೋಪುರವು ಹಳೆಯದಕ್ಕಿಂತ ಹಗುರವಾಗಿದ್ದು ಹೆಚ್ಚು ಭದ್ರವಾಗಿದೆ. ಹಳೆಯ ಗೋಪುರದ ನಿರುಪಯುಕ್ತ ಅವಶೇಷಗಳನ್ನು ದೋಣಿಗಳಲ್ಲಿ ಸಾಗಿಸಿ ಏಡ್ರಿಯಾಟಿಕ್ ಸಮುದ್ರಕ್ಕೆ ಹಾಕಲಾಯಿತು.

ಲೊಜ್ಜೆತ್ತಾದ ವಿಷಯದಲ್ಲಿ ಅನುಸರಿಸಿದ ಕ್ರಮ ಬೇರೆಯದು. ಅವಶೇಷಗಳ ರಾಶಿಯಿಂದ ಅಮೃತಶಿಲೆ ಮತ್ತು ಕಂಚಿನ ತುಣುಕುಗಳನ್ನು ಆರಿಸಿ, ಅವುಗಳ ಮೂಲಸ್ಥಾನವನ್ನು ಗುರುತಿಸಿ, ಮತ್ತೆ ಜೋಡಿಸಲಾಯಿತು. ಗಂಟೆಗಳದು ಮತ್ತೊಂದು ಕ್ರಮ. ಒಡೆದ ನಾಲ್ಕು ಗಂಟೆಗಳ ಕಂಚನ್ನು ಕರಗಿಸಿ, ಉಳಿದುಕೊಂಡಿದ್ದ ಮರಂಗೋನದ ನಾದಕ್ಕೆ ಹೊಂದುವಂತೆ ಮತ್ತೆ ಎರಕ ಹೊಯ್ಯಲಾಯಿತು. ಹಿಂದೆ ವೆನಿಸ್‌ನ ಧರ್ಮಾಧ್ಯಕ್ಷರಾಗಿದ್ದ ಪೋಪ್ ಹತ್ತನೆಯ ಪಯಸ್ ಇದರ ವೆಚ್ಚವನ್ನು ಭರಿಸಿದರು. ಒಟ್ಟಿನಲ್ಲಿ ಒಂದೇ ಮರುನಿರ್ಮಾಣದಲ್ಲಿ ಮೂರು ವಿಧಾನಗಳಿವೆ: ಹೊಸ ವಸ್ತುವಿನಿಂದ ಹಳೆಯ ರೂಪ, ಹಳೆಯ ತುಣುಕುಗಳಿಂದ ಹಳೆಯ ರೂಪ, ಹಳೆಯ ಲೋಹದಿಂದ ಹಳೆಯ ನಾದ.

ಈ ಗೋಪುರದ ರೂಪ ವೆನಿಸ್‌ನ ಹೊರಗೂ ಹರಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಗೋಪುರ ಇದೇ ಮಾದರಿಯಲ್ಲಿ 1909ರಲ್ಲಿ ಪೂರ್ಣಗೊಂಡಿತು. ಆ ವರ್ಷ ವೆನಿಸ್‌ನಲ್ಲಿ ಮೂಲ ಗೋಪುರವೂ ಇರಲಿಲ್ಲ, ಮರುನಿರ್ಮಾಣವೂ ಮುಗಿದಿರಲಿಲ್ಲ. ಮೂಲವು ಇಲ್ಲದಿರುವಾಗ ಅನುಕರಣೆ ಮಾತ್ರ ನಿಂತಿದ್ದ ವಿಚಿತ್ರ ಸನ್ನಿವೇಶವದು.

7. ಮೂಲ ಮತ್ತು ಪ್ರತಿ

ಮರುನಿರ್ಮಾಣವನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ವೆನಿಸ್‌ನ ವಾಸ್ತುವಿನ ಬಗೆಗೆ ವಿಸ್ತಾರವಾಗಿ ಬರೆದ ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1849ರಷ್ಟು ಹಿಂದೆಯೇ ಜೀರ್ಣೋದ್ಧಾರದ ಕಲ್ಪನೆಯನ್ನು ತೀವ್ರವಾಗಿ ಖಂಡಿಸಿದ್ದನು. ಹಳೆಯ ಕಟ್ಟಡದಲ್ಲಿ ಅದನ್ನು ಕಟ್ಟಿದ ಕೈಗಳ ಬದುಕು ಸೇರಿರುತ್ತದೆ, ಅದನ್ನು ಮತ್ತೊಮ್ಮೆ ಸೃಷ್ಟಿಸುವುದು ಸತ್ತವರನ್ನು ಎಬ್ಬಿಸುವಷ್ಟೇ ಅಸಾಧ್ಯ ಎಂಬುದು ಅವನ ವಾದದ ಸಾರ. ರಸ್ಕಿನ್ 1900ರಲ್ಲಿ ತೀರಿಕೊಂಡದ್ದರಿಂದ ಗೋಪುರದ ಪತನವನ್ನು ಕಾಣಲಿಲ್ಲ. ಅವನ ವಿಚಾರಗಳು ಮಾತ್ರ ಮುಂದಿನ ಚರ್ಚೆಗಳಲ್ಲಿ ಜೀವಂತವಾಗಿದ್ದವು. 1964ರಲ್ಲಿ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸನ್ನದು ರೂಪುಗೊಂಡದ್ದು ವೆನಿಸ್‌ನಲ್ಲಿಯೇ. ಹೊಸದಾಗಿ ಸೇರಿಸಿದ ಭಾಗ ಹಳೆಯದರಿಂದ ಬೇರೆಯಾಗಿ ಗುರುತಿಸುವಂತಿರಬೇಕೆಂದು ಅದು ವಿಧಿಸಿತು. ಉತ್ಖನನದಲ್ಲಿ ದೊರೆತ ಅವಶೇಷಗಳ ವಿಷಯದಲ್ಲಿ ಮರುನಿರ್ಮಾಣವನ್ನು ತಳ್ಳಿಹಾಕಿ, ಬಿಡಿಭಾಗಗಳ ಮರುಜೋಡಣೆಗೆ ಮಾತ್ರ ಅವಕಾಶವಿತ್ತಿತು. ಈ ಮಾನದಂಡವನ್ನು ಹಿಡಿದರೆ ಲೊಜ್ಜೆತ್ತಾದ ಮರುಜೋಡಣೆ ಸಮ್ಮತವಾದುದು, ಗೋಪುರದ ಮರುನಿರ್ಮಾಣ ಪ್ರಶ್ನಾರ್ಹವಾದುದು. ಇಷ್ಟಾದರೂ 1996ರಲ್ಲಿ ವೆನಿಸ್‌ನ ಲಾ ಫೆನೀಚೆ ರಂಗಮಂದಿರ ಬೆಂಕಿಗೆ ಆಹುತಿಯಾದಾಗ ನಗರವು 1902ರ ಘೋಷವಾಕ್ಯವನ್ನೇ ಮತ್ತೆ ಉಚ್ಚರಿಸಿತು. ರಂಗಮಂದಿರ 2003ರಲ್ಲಿ ಪುನಃ ತೆರೆಯಿತು.

ಭಾರತೀಯ ಸಂದರ್ಭದಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. ಕನ್ನಡ ಶಾಸನಗಳ ದತ್ತಿಭಾಗದಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಉಕ್ತಿ ಮತ್ತೆ ಮತ್ತೆ ಬರುತ್ತದೆ. ಕಟ್ಟಡ ಒಡೆಯುತ್ತದೆ, ಬಿರಿಯುತ್ತದೆ, ಸವೆಯುತ್ತದೆ ಎಂಬುದನ್ನು ಅದನ್ನು ಕಟ್ಟಿಸುವಾಗಲೇ ಒಪ್ಪಿಕೊಂಡು, ಮುಂದಿನ ದುರಸ್ತಿಗೆ ಭೂಮಿಯನ್ನು ಬಿಡುವ ವಿವೇಕ ಇದರಲ್ಲಿದೆ. ಇಲ್ಲಿ ಕಟ್ಟಡವನ್ನು ಮುಗಿದ ಕೃತಿಯೆಂದು ಭಾವಿಸದೆ ನಿರಂತರ ಪಾಲನೆಯನ್ನು ಬೇಡುವ ಹೊಣೆಯೆಂದು ಭಾವಿಸಲಾಗಿದೆ. 1994ರ ನಾರಾ ದಸ್ತಾವೇಜು ಸ್ಮಾರಕದ ಅಧಿಕೃತತೆಯನ್ನು ನಿರ್ಣಯಿಸುವಾಗ ವಸ್ತುವಿನೊಡನೆ ರೂಪ, ಬಳಕೆ, ಪರಂಪರೆ, ಸ್ಥಳ ಮತ್ತು ಭಾವಗಳನ್ನೂ ಪರಿಗಣಿಸಬೇಕೆಂದು ಹೇಳಿದುದು ಈ ನಿಲುವಿಗೆ ಹತ್ತಿರವಾಗಿದೆ.

ವಿಜಯನಗರದ ಕೃಷ್ಣದೇವರಾಯನು ಶ್ರೀಕಾಳಹಸ್ತಿಯಲ್ಲಿ ಕಟ್ಟಿಸಿದ ರಾಜಗೋಪುರವನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಅದರ ಕಾಲ 1516. ವೆನಿಸ್ ಗೋಪುರದ ಶಿರೋಭಾಗ ಪೂರ್ಣಗೊಂಡ 1514ಕ್ಕೆ ಎರಡೇ ವರ್ಷಗಳ ಅಂತರ. ಶ್ರೀಕಾಳಹಸ್ತಿಯ ಗೋಪುರವು 2010ರ ಮೇ 26ರಂದು ಕುಸಿಯಿತು. ಅಲ್ಲಿಯೂ ಮೊದಲು ಬಿರುಕುಗಳು ಕಾಣಿಸಿಕೊಂಡಿದ್ದವು, ಅಲ್ಲಿಯೂ ಜೀವಹಾನಿ ಸಂಭವಿಸಲಿಲ್ಲ. ಹೊಸ ರಾಜಗೋಪುರಕ್ಕೆ 2017ರಲ್ಲಿ ಕುಂಭಾಭಿಷೇಕ ನಡೆಯಿತು. ಎರಡು ಭಿನ್ನ ಸಂಸ್ಕೃತಿಗಳು ಸಮಾನವಾದ ನಷ್ಟಕ್ಕೆ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸಿದುದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಗೋಪುರವು ಊರಿನ ಗುರುತಾಗಿರುವೆಡೆಯಲ್ಲಿ ಬರಿದಾದ ಆಕಾಶವನ್ನು ಊರು ಬಹುಕಾಲ ಸಹಿಸುವುದಿಲ್ಲ.

ಈ ಸಮಸ್ಯೆಯನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇನ್ನಷ್ಟು ಸ್ಪಷ್ಟವಾಗಿ ಮಂಡಿಸಬಹುದು. ಪಂಪ, ರನ್ನರ ಸ್ವಹಸ್ತಪ್ರತಿಗಳು ಉಳಿದುಬಂದಿಲ್ಲ. ಇಂದು ಓದುತ್ತಿರುವುದು ಪ್ರತಿಗಳ ಪ್ರತಿಗಳನ್ನು. ಹಾಗೆಂದು ಅವುಗಳನ್ನು ಪಂಪನ ಕಾವ್ಯವಲ್ಲವೆಂದು ಯಾರೂ ಹೇಳುವುದಿಲ್ಲ. ಓಲೆ ನಶಿಸಿದರೂ ಪಾಠ ಉಳಿಯುತ್ತದೆ. ವೆನಿಸ್‌ನ ನಾಗರಿಕರು ಗೋಪುರವನ್ನು ಓಲೆಯೆಂದು ಭಾವಿಸದೆ ಪಾಠವೆಂದು ಭಾವಿಸಿದರು. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ಓಲೆಯ ಪ್ರತಿಯಲ್ಲಿ ಪಾಠಾಂತರಗಳು ಕಾಲದ ಪದರಗಳನ್ನು ಕಾಣಿಸುತ್ತವೆ. 1912ರ ಗೋಪುರವಾದರೋ ಹದಿನಾರನೆಯ ಶತಮಾನದಲ್ಲಿ ಸ್ಥಿರಗೊಂಡ ಒಂದೇ ಪಾಠವನ್ನು ಸ್ವೀಕರಿಸಿ ಉಳಿದವನ್ನು ಕೈಬಿಟ್ಟಿದೆ. ಹನ್ನೆರಡನೆಯ ಶತಮಾನದ ಇಟ್ಟಿಗೆಯಲ್ಲಿದ್ದ ಸಾಕ್ಷ್ಯ ಸಮುದ್ರದ ಪಾಲಾಗಿದೆ. ರೂಪ ಮರಳಿ ಬಂದಿದೆ, ಪುರಾವೆ ಮರಳಿ ಬಂದಿಲ್ಲ. ರಸ್ಕಿನ್ನನ ವಾದ ಸತ್ಯವಾಗುವುದು ಈ ನೆಲೆಯಲ್ಲಿ.

8. ಸಮಾರೋಪ

ಸಂತ ಮಾರ್ಕನ ಗೋಪುರವು ಸ್ಥಳ, ರೂಪ, ಬಳಕೆ ಮತ್ತು ನಾದಗಳ ನೆಲೆಯಲ್ಲಿ ಸಾವಿರ ವರ್ಷ ಹಳೆಯದು. ವಸ್ತುವಿನ ನೆಲೆಯಲ್ಲಿ ಅದು ಇಪ್ಪತ್ತನೆಯ ಶತಮಾನದ ಕಟ್ಟಡ. ಅಡಿಪಾಯದ ಚರಿತ್ರೆ ಇಂದಿಗೂ ಮುಂದುವರಿದಿದ್ದು, ಅದನ್ನು ಬಲಪಡಿಸಲು ಅದರ ಸುತ್ತ ಟೈಟಾನಿಯಂ ಲೋಹದ ಕಟ್ಟನ್ನು ಅಳವಡಿಸುವ ಕಾರ್ಯವು 2013ರಲ್ಲಿ ಮುಗಿಯಿತು. ಜೀರ್ಣೋದ್ಧಾರವೆಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲವೆಂಬ ಶಾಸನಗಳ ತಿಳಿವಳಿಕೆಯನ್ನು ಇದು ಸಮರ್ಥಿಸುತ್ತದೆ.

ವೆನಿಸ್ ತನ್ನ ಗೋಪುರವನ್ನು ಮತ್ತೆ ಕಟ್ಟಲು ಸಾಧ್ಯವಾದುದಕ್ಕೆ ಹಣ ಮತ್ತು ಅಭಿಮಾನಗಳಷ್ಟೇ ಕಾರಣಗಳಲ್ಲ. ಕಟ್ಟಡ ನಿಂತಿದ್ದಾಗಲೇ ಅದರ ಚಿತ್ರಗಳು, ಛಾಯಾಚಿತ್ರಗಳು ಮತ್ತು ಬೋನಿಯವರ ಅಡಿಪಾಯದ ಅಧ್ಯಯನ ಲಭ್ಯವಿದ್ದವು. ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಜೀರ್ಣೋದ್ಧಾರದ ಹೆಸರಿನ ಕೆಲಸಗಳು ಅಳತೆ, ನಕ್ಷೆ, ಛಾಯಾಚಿತ್ರಗಳ ದಾಖಲೆಯಿಲ್ಲದೆ ನಡೆಯುತ್ತಿರುವುದು, ಶಾಸನಗಳು ಸುಣ್ಣ ಮತ್ತು ಸಿಮೆಂಟಿನಡಿ ಮರೆಯಾಗುತ್ತಿರುವುದು ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ತಿಳಿದ ಸಂಗತಿ. ಕೆಡವುವ ಮೊದಲು ಪ್ರತಿಮಾಡಿಕೊಳ್ಳುವುದು ಹಸ್ತಪ್ರತಿಶಾಸ್ತ್ರದ ಪ್ರಾಥಮಿಕ ನಿಯಮ. ಅದೇ ನಿಯಮವನ್ನು ಕಟ್ಟಡಗಳಿಗೂ ಅನ್ವಯಿಸಿ, ದುರಸ್ತಿಗೆ ಮುನ್ನ ದಾಖಲಾತಿಯನ್ನು ಕಡ್ಡಾಯವಾಗಿ ಕೈಗೊಳ್ಳಬೇಕಾದುದು ಇಂದಿನ ಅಗತ್ಯವಾಗಿದೆ. ಈ ಕಾರ್ಯದಲ್ಲಿ ಶಾಸನ ಓದಬಲ್ಲ, ಸ್ಥಳೀಯ ಚರಿತ್ರೆಯನ್ನು ಬಲ್ಲ ಕನ್ನಡ ಅಧ್ಯಾಪಕರ ಪಾತ್ರ ವಾಸ್ತುತಜ್ಞರ ಪಾತ್ರಕ್ಕಿಂತ ಕಡಿಮೆಯದೇನಲ್ಲ.